ಕಪ್ಪೆಯ ಕುಲಕ್ಕೆ ಹೆಸರಾದ ಪ್ರೊ. ಸಿ.ಆರ್. ನಾರಾಯಣರಾವ್

ಮುಂದಿನವರು ಎಷ್ಟು ಬಾರಿ ಉಲ್ಲೇಖಿಸಿದರೆಂಬುದೇ ಇಂದು ವಿಜ್ಞಾನಿಯ ಸಾಧನೆಯ ಅಳತೆಗೋಲು. ಬೆಂಗಳೂರಿನ ಪ್ರೊ. ಸಿ.ಆರ್. ನಾರಾಯಣರಾಯರ (1882–1960) ಬಾಳನ್ನು ನೆನೆದಾಗ ಈ ಅಳತೆಗೋಲು ಸಾಲದೆಂದು ನಮಗೆ ತೋರುತ್ತದೆ.

ಕೊಯಮತ್ತೂರಿನಲ್ಲಿ ಜನಿಸಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಕಪ್ಪೆಗಳೂ ಅವುಗಳ ಗೊದಮೊಟ್ಟೆಗಳೂ ಅವರ ಅಧ್ಯಯನದ ಮುಖ್ಯ ವಸ್ತುಗಳಾಗಿದ್ದವು. 1920ರಲ್ಲಿ ಕೊಡಗಿನ ಇರುಳುಗಪ್ಪೆಯೊಂದನ್ನು ವರ್ಣಿಸಿ ಹೆಸರಿಟ್ಟರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಸ್ಥಾಪಕ ಸಂಪಾದಕರೂ ಅವರೇ.

1937ರಲ್ಲಿ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದರು. ಆದರೆ ಕಾಲೇಜಿನಲ್ಲಿದ್ದ ಆ ಮಾದರಿಗಳು ಮುಂದೆ ಕಳೆದುಹೋದವು. ಹೋಲಿಸಿ ನೋಡಲು ಆಧಾರವಿಲ್ಲದೆ ಅನೇಕ ಹೆಸರುಗಳು ಸಂದೇಹಕ್ಕೊಳಗಾದವು. ಒಂದು ಜೀವಮಾನದ ದುಡಿಮೆಯೇ ಮರೆಯಾಗುವಂತಿತ್ತು. ಆದರೂ ಅವರ ಬರಹ ಉಳಿಯಿತು. ಕೊಡಗಿನ ಆ ಇರುಳುಗಪ್ಪೆ 91 ವರ್ಷಗಳ ಬಳಿಕ ಮರಳಿ ದೊರೆತ ಸಂಗತಿ 2011ರಲ್ಲಿ ಪ್ರಕಟವಾಯಿತು.

ಅದಕ್ಕೆ ಒಂದು ವರ್ಷ ಮೊದಲೇ, 2010ರಲ್ಲಿ, ಪೊದೆಗಪ್ಪೆಗಳ ಕುಲವೊಂದಕ್ಕೆ ವಿಜ್ಞಾನಿಗಳು ಅವರ ಗೌರವಾರ್ಥ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟಿದ್ದರು. ಆ ಲೇಖನ ಪ್ರಕಟವಾದದ್ದು 'ಕರೆಂಟ್ ಸೈನ್ಸ್'ನಲ್ಲಿಯೇ. ಲೇಖಕರಲ್ಲೊಬ್ಬರು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದವರೆಂಬುದು ಇಲ್ಲಿ ನೆಲೆಸಿರುವ ನಮಗೆ ಹೆಮ್ಮೆಯ ವಿಷಯ.

ಗೊದಮೊಟ್ಟೆಗಳನ್ನು ಅಭ್ಯಸಿಸಿದ ರಾಯರ ಹೆಸರು ಹೊತ್ತ ಈ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಈ ಕುಲದಲ್ಲಿ ಇಂದು 60ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಯಾವುದನ್ನು ಹೆಸರಿಸಿದರೂ ನಾರಾಯಣರಾಯರನ್ನು ಸ್ಮರಿಸಿದಂತೆಯೇ.