ಚೌರಿ ಕೆಳಗಿನ ಕೂದಲನ್ನೂ ಸ್ವಲ್ಪ ನೋಡ್ಕೊಳ್ಳಿ

ಮದುವೆ ಸೀಸನ್ ಬಂತೆಂದರೆ ಯಶವಂತಪುರ, ಯಲಹಂಕದ ಛತ್ರಗಳಲ್ಲಿ ಎಂಥೆಂಥ ಉದ್ದದ ಜಡೆಗಳು ಅಂತೀರಿ! ಅರ್ಧ ನಮ್ಮದು, ಇನ್ನರ್ಧ ಚೌರಿಯದು. ಅದರಲ್ಲಿ ತಪ್ಪೇನಿಲ್ಲ ಬಿಡಿ. ನಾನೂ ತಂಗಿ ಮದುವೆಗೆ ಪಾರ್ಲರ್‌ನಲ್ಲಿ ಬಿಗಿಯಾಗಿ ಹೆಣೆಸಿಕೊಂಡು, ಚೆನ್ನಾಗಿದೆ ಅಂತ ವಾರವಾದರೂ ಬಿಚ್ಚಲಿಲ್ಲ. ಬಿಚ್ಚಿದಾಗ ಬೈತಲೆ ಪಕ್ಕದ ಕೂದಲು ಕೈಗೇ ಬಂತು. ಆಗ ಆದ ಗಾಬರಿ ಹೇಳತೀರದು.

ನಿಮಗೂ ಹೀಗಾಗಿದ್ದರೆ ಇವತ್ತು ಒಬ್ಬ ಹೆಂಗಸಿನ ಕಥೆ ಕೇಳಿ. ಹೆಸರು ಸಾರಾ ಬ್ರೀಡ್‌ಲವ್. ಅಮೆರಿಕದ ಲೂಯಿಸಿಯಾನ ರಾಜ್ಯದ ಡೆಲ್ಟಾ ಎಂಬ ಊರಿನಲ್ಲಿ 1867ರ ಡಿಸೆಂಬರ್ 23ರಂದು ಹುಟ್ಟಿದವರು. ಅಪ್ಪ ಅಮ್ಮ ಹತ್ತಿ ತೋಟದಲ್ಲಿ ಗುಲಾಮರಾಗಿದ್ದವರು. ಆ ಮನೆಯಲ್ಲಿ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು ಇವರೇ. ಏಳು ವರ್ಷಕ್ಕೇ ತಬ್ಬಲಿ, 14ಕ್ಕೆ ಮದುವೆ, 1885ರಲ್ಲಿ ಒಂದು ಹೆಣ್ಣುಮಗು. 20ನೇ ವಯಸ್ಸಿಗೆ ಗಂಡನೂ ತೀರಿಕೊಂಡ.

ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಅಣ್ಣಂದಿರು ಕ್ಷೌರದ ಕೆಲಸ ಮಾಡುತ್ತಿದ್ದ ಸೇಂಟ್ ಲೂಯಿಸ್ ಊರಿಗೆ ಬಂದರು. ಅಲ್ಲಿ ಕಂಡವರ ಬಟ್ಟೆ ಒಗೆದು ದಿನಕ್ಕೆ ಒಂದು, ಒಂದೂವರೆ ಡಾಲರ್ ಸಂಪಾದನೆ. ಅದರಲ್ಲೇ ಮಗಳನ್ನು ಓದಿಸಿದರು. ಇಷ್ಟರ ಮಧ್ಯೆ ತಲೆಕೂದಲು ಉದುರತೊಡಗಿತು. ಆಗ ಬಡವರ ಮನೆಗಳಲ್ಲಿ ನಲ್ಲಿ ನೀರಿಲ್ಲ, ತಲೆಸ್ನಾನ ಅಪರೂಪ, ಸೋಪೋ ಚರ್ಮ ಸುಡುವಂಥದ್ದು. ನೆತ್ತಿ ತುಂಬ ಹೊಟ್ಟು, ಹುಣ್ಣು. ಹೆಂಗಸರು ತಲೆಗೆ ಬಟ್ಟೆ ಕಟ್ಟಿ ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿದರೆ ವಾಸಿಯಾಗುತ್ತದೆಯೇ?

ಸಾರಾ ಮೊದಲು ಆನಿ ಮಲೋನ್ ಎಂಬಾಕೆಯ ಕೇಶ ಸಾಮಗ್ರಿಗಳನ್ನು ಮಾರಿದರು. 1905ರಲ್ಲಿ ಡೆನ್ವರ್‌ಗೆ ಹೋದರು. ಮರುವರ್ಷ ಪತ್ರಿಕೆಗಳ ಜಾಹೀರಾತು ಕೆಲಸ ಗೊತ್ತಿದ್ದ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ಮದುವೆಯಾಗಿ ಮೇಡಂ ಸಿ.ಜೆ. ವಾಕರ್ ಎಂದಾದರು. ಗಂಧಕ ಸೇರಿದ ತಮ್ಮದೇ ನೆತ್ತಿಯ ಮುಲಾಮು ಮಾಡಿ ಮನೆಮನೆಗೆ ಹೊತ್ತು ಮಾರಿದರು. ಬರೀ ಡಬ್ಬಿ ಕೊಟ್ಟು ಬರುತ್ತಿರಲಿಲ್ಲ ಕಣ್ರೀ, ನೆತ್ತಿ ತೊಳೆಯೋದು, ಬಾಚೋದು ಹೇಗೆ ಅಂತ ಕೂರಿಸಿ ಕಲಿಸುತ್ತಿದ್ದರು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ತರಬೇತಿ ಶಾಲೆ, 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಾರ್ಖಾನೆ. ಸಾವಿರಾರು ಕಪ್ಪು ಹೆಂಗಸರು ಅವರ ಏಜೆಂಟರಾಗಿ ಮೊದಲ ಸಲ ತಮ್ಮದೇ ದುಡ್ಡು ಕಂಡರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರದೊಂದು ಸಮಾವೇಶವನ್ನೇ ಮಾಡಿದರು. ಹೆಚ್ಚು ಮಾರಿದವರಿಗಷ್ಟೇ ಅಲ್ಲ, ಹೆಚ್ಚು ದಾನ ಮಾಡಿದವರಿಗೂ ಅಲ್ಲಿ ಬಹುಮಾನ! 1919ರ ಮೇ 25ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. ವ್ಯವಹಾರವನ್ನು ಮಗಳು ಮುಂದುವರಿಸಿದಳು.

ಕೂದಲನ್ನು ಸಣ್ಣ ಜಡೆಗಳಾಗಿ ತಲೆಗೆ ಅಂಟಿದಂತೆ ಹೆಣೆದು, ಅದರ ಮೇಲೆ ಬೇರೆ ಕೂದಲು ಹೊಲಿಯುವ ವೀವ್ ಬಂದದ್ದು ಅವರ ಕಾಲದ ನಂತರ, 1950ರ ದಶಕದಲ್ಲಿ. ಹೆಣ್ಣೂರು, ಕೊತ್ತನೂರು ಕಡೆ ಓದಲು ಬಂದಿರುವ ಆಫ್ರಿಕಾದ ಹುಡುಗಿಯರಲ್ಲಿ ಇದನ್ನು ನೀವು ನೋಡಿರಬಹುದು. ನಮ್ಮ ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲೂ ಹರಾಜಾಗಿ ಇಂಥದ್ದಕ್ಕೆ ವಿದೇಶಕ್ಕೆ ಹೋಗುತ್ತದೆ. ಆದರೆ ವೀವ್ ಆಗಲಿ, ಚೌರಿ ಆಗಲಿ, ವಾಕರ್ ಕಲಿಸಿದ ಪಾಠ ಒಂದೇ: ಮೊದಲು ನೆತ್ತಿ.

ಹಾಗಾಗಿ ಇಷ್ಟು ನೆನಪಿಡಿ. ಹೆಣೆಯುವಾಗ ನೋವಾದರೆ ಆಗಲೇ ಹೇಳಿ, ಸಡಿಲ ಮಾಡಿಸಿ. ಹಣೆಯಂಚಿನಲ್ಲಿ ಗುಳ್ಳೆ ಎದ್ದರೆ ಬಿಚ್ಚಿಬಿಡಿ. ವೀವ್ ಹಾಕಿಸಿದವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನೀರು ಬೆರೆಸಿದ ಶಾಂಪೂವನ್ನು ಮೂತಿಯಿರುವ ಬಾಟಲಿಯಿಂದ ಜಡೆಗಳ ಸಂದಿಗೆ ಬಿಟ್ಟು, ಬೆರಳತುದಿಯಿಂದ ಮೆಲ್ಲಗೆ ತಿಕ್ಕಿ ಚೆನ್ನಾಗಿ ತೊಳೆಯಿರಿ. ಒಳಗಿನ ಜಡೆ ಪೂರ್ತಿ ಒಣಗಲೇಬೇಕು, ಒದ್ದೆ ಉಳಿದರೆ ವಾಸನೆ, ತುರಿಕೆ ಶುರು. ಎಣ್ಣೆ ಎರಡು ಹನಿ ಸಾಕು. ಆರರಿಂದ ಎಂಟು ವಾರಕ್ಕೆ ಬಿಚ್ಚಿಸಿ, ಕೂದಲಿಗೆ ಒಂದಷ್ಟು ದಿನ ರಜೆ ಕೊಡಿ. ಚೌರಿಯಾದರೆ ರಾತ್ರಿ ಮಲಗುವ ಮುಂಚೆ ತೆಗೆದಿಡಿ, ಒದ್ದೆ ಕೂದಲಿಗೆ ಕಟ್ಟಬೇಡಿ. ಎಳೆತದಿಂದ ಉದುರಿದ ಕೂದಲು ಬೇಗ ಗಮನಿಸಿದರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಎಳೆಯುತ್ತಲೇ ಇದ್ದರೆ ಬೇರೇ ಸತ್ತುಹೋಗಬಹುದು. ಬೈತಲೆ ಅಗಲವಾಗುತ್ತಿದೆ ಅನ್ನಿಸಿದರೆ ನಾಚಿಕೆ ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ.

ಆ ತಾಯಿ ತಲೆಯ ಬಟ್ಟೆ ಬಿಚ್ಚಿ ತನ್ನ ನೆತ್ತಿಯನ್ನು ತಾನೇ ನೋಡಿಕೊಂಡದ್ದರಿಂದ ತಾನೇ ಇಷ್ಟೆಲ್ಲ ಆದದ್ದು? ನೀವೂ ಇವತ್ತು ರಾತ್ರಿ ಜಡೆ ಬಿಚ್ಚಿ, ಕನ್ನಡಿ ಮುಂದೆ ಎರಡು ನಿಮಿಷ ನಿಲ್ಲಿ. ಮನೆಯವರ ಊಟ ಎರಡು ನಿಮಿಷ ತಡವಾದರೆ ಏನೂ ಆಗಲ್ಲ!