ರೆವರೆಂಡ್ ವಿಲಿಯಂ ಆರ್ಥರ್ (1819–1901): ಗುಬ್ಬಿಯಲ್ಲಿ ಆರಂಭವಾದ ಸೇವಾಜೀವನ

ತುಮಕೂರು ಜಿಲ್ಲೆಯ ಗುಬ್ಬಿ ಪಟ್ಟಣವು ಶ್ರೀ ಚನ್ನಬಸವೇಶ್ವರ ಸ್ವಾಮಿಯ ದೇವಾಲಯಕ್ಕೂ, ಕವಿ ಗುಬ್ಬಿಯ ಮಲ್ಲಣಾರ್ಯನಿಗೂ, ಗುಬ್ಬಿ ವೀರಣ್ಣನವರ ನಾಟಕ ಕಂಪನಿಗೂ ಹೆಸರಾಗಿದೆ. ಇದೇ ಪಟ್ಟಣದಲ್ಲಿ 1839ರಿಂದ 1841ರವರೆಗೆ ವಾಸಿಸಿ, ಕನ್ನಡವನ್ನು ಕಲಿತು, ಮುಂದೆ ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳಲ್ಲಿ ಪ್ರಸಿದ್ಧ ಧರ್ಮಗುರುಗಳೂ ಲೇಖಕರೂ ಆದ ರೆವರೆಂಡ್ ವಿಲಿಯಂ ಆರ್ಥರ್‌ರವರ ಹೆಸರು ಇಂದು ಜಿಲ್ಲೆಯಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಆರ್ಥರ್‌ರವರು 1819ರ ಫೆಬ್ರವರಿಯಲ್ಲಿ ಐರ್ಲೆಂಡಿನ ಆಂಟ್ರಿಮ್ ಪ್ರಾಂತ್ಯದಲ್ಲಿ ಜನಿಸಿದರು. ಬಾಲ್ಯವನ್ನು ಪಶ್ಚಿಮ ಕರಾವಳಿಯ ಮೇಯೊ ಪ್ರಾಂತ್ಯದಲ್ಲಿ ಕಳೆದರು. ವೆಸ್ಟ್‌ಪೋರ್ಟ್ ಎಂಬ ಊರಿನ ಧಾನ್ಯ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಸೇರಿದುದರಿಂದ ತೂಕ, ಅಳತೆ, ಲೆಕ್ಕಪತ್ರಗಳ ಪರಿಚಯವು ಚಿಕ್ಕ ವಯಸ್ಸಿನಲ್ಲಿಯೇ ಅವರಿಗೆ ಉಂಟಾಯಿತು. ಅಲ್ಲಿಯೇ ಮೆಥೋಡಿಸ್ಟ್ ಸಭೆಯ ಸಂಪರ್ಕಕ್ಕೆ ಬಂದು, ಹದಿನಾರರ ಹರೆಯದಲ್ಲಿ ಉಪದೇಶ ಮಾಡತೊಡಗಿದರು. ನಂತರ ಲಂಡನ್ನಿನ ಹಾಕ್ಸ್‌ಟನ್‌ನಲ್ಲಿದ್ದ ದೈವಜ್ಞಾನ ಶಾಲೆಯಲ್ಲಿ ಶಿಕ್ಷಣ ಪಡೆದು, 1839ರ ಏಪ್ರಿಲ್‌ನಲ್ಲಿ ಹಾಯಿಹಡಗಿನಲ್ಲಿ ಭಾರತಕ್ಕೆ ಹೊರಟರು. ಆಗ ಅವರಿಗೆ ಇಪ್ಪತ್ತು ವರ್ಷ.

ಆ ಕಾಲದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್‌ರವರ ಆಡಳಿತದಲ್ಲಿತ್ತು. ಈ ಸೀಮೆಗೆ ರೈಲು ಬರಲು ಇನ್ನೂ ನಾಲ್ಕು ದಶಕಗಳು ಬಾಕಿ ಇದ್ದವು. ಗುಬ್ಬಿಯು ಮಲೆನಾಡಿನ ಅಡಿಕೆ, ಬಯಲುಸೀಮೆಯ ಕೊಬ್ಬರಿ ಕೈ ಬದಲಾಗುವ ದೊಡ್ಡ ಪೇಟೆಯಾಗಿದ್ದು, ವಾರದ ಸಂತೆಗೆ ದೂರದೂರುಗಳ ವರ್ತಕರು ಬರುತ್ತಿದ್ದರು. ವೆಸ್ಲಿಯನ್ ಮಿಷನ್ ಸಂಸ್ಥೆಯ ರೆವರೆಂಡ್ ಥಾಮಸ್ ಹಾಡ್ಸನ್‌ರವರು 1837ರಲ್ಲಿಯೇ ಇಲ್ಲಿ ಕೇಂದ್ರವನ್ನು ಆರಂಭಿಸಿದ್ದರು. ಮುಂದೆ ಕನ್ನಡ ವ್ಯಾಕರಣ ಗ್ರಂಥವನ್ನು ರಚಿಸಿದವರು ಇವರೇ. ಅದೇ ಕಾಲದ ಆಸುಪಾಸಿನಲ್ಲಿ ಕುಣಿಗಲ್‌ನಲ್ಲಿಯೂ ಸಂಸ್ಥೆಯ ಕೆಲಸ ಆರಂಭವಾಯಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಇಂಗ್ಲಿಷ್ ಹಾಗೂ ತಮಿಳು ಬಲ್ಲವರ ನಡುವೆ ಇರುವುದು ಮಿಷನರಿಗಳಿಗೆ ಸುಲಭವಾಗಿತ್ತು. ಗುಬ್ಬಿ, ಕುಣಿಗಲ್‌ಗಳಂತಹ ಊರುಗಳಲ್ಲಿ ನೆಲೆಸಬೇಕಾದರೆ ಕನ್ನಡವಿಲ್ಲದೆ ಒಂದು ದಿನವೂ ಸಾಗುವಂತಿರಲಿಲ್ಲ.

ಆರ್ಥರ್‌ರವರು ಗುಬ್ಬಿಗೆ ಬಂದೊಡನೆ ಕೈಗೊಂಡ ಮೊದಲ ಕೆಲಸವೂ ಕನ್ನಡ ಕಲಿಕೆಯೇ. ಅಲ್ಪಕಾಲದಲ್ಲಿಯೇ ಅವರು ಸಂತೆಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಜನರೊಡನೆ ಅವರ ಮಾತಿನಲ್ಲಿಯೇ ಸಂವಾದ ನಡೆಸುವಷ್ಟು ಪರಿಣತಿ ಗಳಿಸಿದರು. ಊರಿನ ಲಿಂಗಾಯತ ವರ್ತಕರೊಡನೆ ಧರ್ಮದ ವಿಷಯವಾಗಿ ಅವರು ಚರ್ಚೆ ನಡೆಸುತ್ತಿದ್ದರು. ಮತಾಂತರದ ದೃಷ್ಟಿಯಿಂದ ನೋಡಿದರೆ ಆ ವರ್ಷಗಳ ಫಲ ಬಹಳ ಸ್ವಲ್ಪ. ಒಬ್ಬ ತರುಣನು ತನ್ನ ನಾಡನ್ನು ಬಿಟ್ಟು ಬಂದು, ಪರರ ಭಾಷೆಗೆ ತನ್ನ ನಾಲಿಗೆಯನ್ನು ಒಗ್ಗಿಸಿಕೊಂಡ ಶ್ರಮವನ್ನು ಮಾತ್ರ ಕಡೆಗಣಿಸುವಂತಿಲ್ಲ.

ತಮ್ಮ ಆಯುಷ್ಯವನ್ನೆಲ್ಲ ಇಲ್ಲಿಯೇ ಸವೆಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಆದರೆ ಆರೋಗ್ಯ ಕೆಟ್ಟಿತು. ಕಣ್ಣುಗಳು ತೀವ್ರವಾಗಿ ಬಾಧಿಸತೊಡಗಿ ಓದು ಬರಹ ದುಸ್ತರವಾಯಿತು. 1841ರಲ್ಲಿ ಅವರು ಇಂಗ್ಲೆಂಡಿಗೆ ಮರಳಬೇಕಾಯಿತು. ಮತ್ತೆ ಗುಬ್ಬಿಗೆ ಬರುವ ಯೋಗ ಕೂಡಿಬರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ, ಕಲಿತ ಭಾಷೆಯನ್ನು ಬಳಸುವ ಅವಕಾಶವೇ ಕೈತಪ್ಪಿತು.

ಸೇವೆ ಮಾಡಲು ಹೋದ ಸ್ಥಳದಲ್ಲಿಯೇ ಸೇವೆ ಅಸಾಧ್ಯವಾದಾಗ ಮುಂದೇನು ಎಂಬ ಪ್ರಶ್ನೆ ಆರ್ಥರ್‌ರವರ ಎದುರಿಗಿತ್ತು. ಅವರು ಕೈಕಟ್ಟಿ ಕೂರಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಗುಬ್ಬಿಯ ಜನಜೀವನವು ಇಂಗ್ಲಿಷ್ ಓದುಗರಿಗೆ ಪರಿಚಯವಾದುದು ಬಹುಮಟ್ಟಿಗೆ ಈ ಕೃತಿಯಿಂದ. ಹಿಂದೂ ಆಚರಣೆಗಳನ್ನು ಕುರಿತು ಅದರಲ್ಲಿ ವ್ಯಕ್ತವಾಗಿರುವ ಕಠಿಣ ಅಭಿಪ್ರಾಯಗಳು ಆ ಕಾಲದ ಮಿಷನರಿ ದೃಷ್ಟಿಯವು. ಇಂದಿನ ಓದುಗರು ಅವುಗಳನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೂ 19ನೇ ಶತಮಾನದ ಜಿಲ್ಲೆಯ ಜೀವನವನ್ನು ಅರಿಯಲು ಬಯಸುವವರು ಎಚ್ಚರದಿಂದ ಓದಬಹುದಾದ ಕೃತಿಯಿದು.

1852ರಲ್ಲಿ ಪ್ರಕಟವಾದ ಅವರ ಇನ್ನೊಂದು ಗ್ರಂಥವು ವ್ಯಾಪಾರಸ್ಥರಲ್ಲಿ ಬಹಳ ಜನಪ್ರಿಯವಾಯಿತು. ಅದು ಬ್ರಿಸ್ಟಲ್ ನಗರದ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಸಣ್ಣ ಅಂಗಡಿಯಿಂದ ಆರಂಭಿಸಿ ದೊಡ್ಡ ಸಗಟು ಕಿರಾಣಿ ವರ್ತಕರಾಗಿ ಬೆಳೆದ ಸ್ಯಾಮ್ಯುಯೆಲ್ ಬಜೆಟ್‌ರವರ ಜೀವನಚರಿತ್ರೆ. ಅದರಲ್ಲಿ ಬರುವ ಒಂದು ಪ್ರಸಂಗ ವಿಶೇಷವಾದುದು. ಆ ಕಾಲದ ಕಿರಾಣಿ ವರ್ತಕರು ಕರಿಮೆಣಸಿನ ಪುಡಿಗೆ ಅಗ್ಗದ ಹುಡಿಯೊಂದನ್ನು ಬೆರೆಸುವುದು ವಾಡಿಕೆಯಾಗಿತ್ತು. ಹುಡಿ ತುಂಬಿದ ಪೀಪಾಯಿಯ ಮೇಲೆ ಎರಡು ಅಕ್ಷರಗಳ ಗುರುತು ಮಾತ್ರ ಇರುತ್ತಿದ್ದು, ಗಿರಾಕಿಗಳಿಗೆ ಅದರ ಗುಟ್ಟು ತಿಳಿಯುತ್ತಿರಲಿಲ್ಲ. ಎಲ್ಲರೂ ಮಾಡುವ ಕೆಲಸವೆಂದು ಬಜೆಟ್‌ರವರೂ ಅದನ್ನು ಇಟ್ಟುಕೊಂಡಿದ್ದರು. ಮನಸ್ಸಾಕ್ಷಿ ಚುಚ್ಚತೊಡಗಿದಾಗ ಒಂದು ರಾತ್ರಿ ಆ ಪೀಪಾಯಿಯನ್ನು ಕಲ್ಲುಗಣಿಗೆ ಉರುಳಿಸಿಕೊಂಡು ಹೋಗಿ, ಒಡೆದು, ಹುಡಿಯನ್ನು ಚೆಲ್ಲಿಬಿಟ್ಟರು. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಪೀಪಾಯಿಯ ಹಲಗೆಗಳನ್ನು ಜೋಪಾನವಾಗಿ ಆರಿಸಿಕೊಂಡರು, ಮರ ಹಾಳಾಗಬಾರದಲ್ಲವೆ. ಪ್ರಾಮಾಣಿಕತೆಯೂ ಮಿತವ್ಯಯವೂ ಒಂದೇ ಮನುಷ್ಯನಲ್ಲಿ ಹೀಗೆ ಕೂಡಿರುವುದನ್ನು ತೋರಿಸಲು ಧಾನ್ಯದ ಮಳಿಗೆಯಲ್ಲಿ ಕೆಲಸ ಮಾಡಿದ್ದ ಲೇಖಕರೇ ಬೇಕಾಗಿತ್ತು. ಕ್ರೈಸ್ತ ನೀತಿಯು ಭಾನುವಾರದ ಆರಾಧನೆಯಲ್ಲಿ ಮುಗಿಯುವುದಿಲ್ಲ, ಸೋಮವಾರದ ತಕ್ಕಡಿಯಲ್ಲಿ ಕಾಣಬೇಕು ಎಂಬುದು ಆ ಗ್ರಂಥದ ಒಟ್ಟು ಆಶಯ.

ಇದೇ ವಿಚಾರವನ್ನು ಅವರು ದಾನದ ವಿಷಯಕ್ಕೂ ಅನ್ವಯಿಸಿದರು. ಆದಾಯದ ಗೊತ್ತಾದ ಒಂದು ಪಾಲನ್ನು ಪರರಿಗಾಗಿ ಮೀಸಲಿಡುವುದು ಪ್ರತಿಯೊಬ್ಬ ವಿಶ್ವಾಸಿಯ ಕರ್ತವ್ಯವೆಂದು 1850ರ ದಶಕದಲ್ಲಿ ಅವರು ನೀಡಿದ ಉಪನ್ಯಾಸವು ಪುಸ್ತಕರೂಪದಲ್ಲಿ ವ್ಯಾಪಕವಾಗಿ ಹಂಚಿಕೆಯಾಯಿತು. ಮನಸ್ಸು ಕರಗಿದಾಗ ಕೊಡುವುದು, ಇಲ್ಲದಾಗ ಬಿಡುವುದು ಎಂಬ ಕ್ರಮವನ್ನು ಅವರು ಒಪ್ಪಲಿಲ್ಲ. ಎಲ್ಲ ಖರ್ಚೂ ಕಳೆದು ಮಿಕ್ಕಿದ್ದರಲ್ಲಿ ಕೊಡುತ್ತೇನೆಂದು ಕಾಯುವವನಲ್ಲಿ ಮಿಕ್ಕುವುದು ಯಾವಾಗಲೂ ಅಲ್ಪವೇ ಆಗಿರುತ್ತದೆ; ಆದ್ದರಿಂದ ಪಾಲನ್ನು ಮೊದಲೇ ತೆಗೆದಿಡತಕ್ಕದ್ದು, ದಶಮಾಂಶವು ಅದರ ಕನಿಷ್ಠ ಮಿತಿ ಎಂಬುದು ಅವರ ನಿಲುವು. ಪ್ರೀತಿಗೆ ಲೆಕ್ಕವಿಡುವುದು ಕೆಲವರಿಗೆ ಒಣ ಮಾತಾಗಿ ತೋರಬಹುದು. ಆದರೆ ನಿರ್ಗತಿಕನಿಗೆ ಹಸಿವು ಪ್ರತಿದಿನವೂ ಇರುವಾಗ, ಕೊಡುವವನ ಮನಸ್ಸಿನ ಏರಿಳಿತವನ್ನು ನಂಬಿ ಕೂರುವುದು ಎಷ್ಟು ಸರಿ?

ಈ ನಡುವೆ ಅವರು 1846ರಿಂದ 1849ರವರೆಗೆ ಫ್ರಾನ್ಸ್‌ನಲ್ಲಿ ಸೇವೆ ಸಲ್ಲಿಸಿದ್ದರು. 1851ರಿಂದ 1868ರವರೆಗೆ ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. ಹೀಗೆ ಲಂಡನ್ನಿನ ಮೇಜಿನ ಬಳಿ ಕುಳಿತೇ ಅವರಿಗೆ ಮೈಸೂರು ಸೀಮೆಯ ಕೆಲಸದೊಡನೆ ನಂಟು ಮುಂದುವರಿಯಿತು. ಈ ಅವಧಿಯಲ್ಲಿ ಅವರ ಧ್ವನಿಯೂ ಕುಂದತೊಡಗಿತು. ಮೊದಲು ಕಣ್ಣು, ಆಮೇಲೆ ಗಂಟಲು. ಉಪದೇಶವೇ ವೃತ್ತಿಯಾದವರಿಗೆ ಇದಕ್ಕಿಂತ ದೊಡ್ಡ ನಷ್ಟವಿರಲಾರದು. ಮಾತು ಸೋತ ಮೇಲೆ ಲೇಖನಿಯ ಕೆಲಸ ಹೆಚ್ಚಿತು. 1856ರಲ್ಲಿ ಪ್ರಕಟವಾದ, ಪವಿತ್ರಾತ್ಮನ ಶಕ್ತಿಯನ್ನು ಕುರಿತ ಅವರ ಗ್ರಂಥವು ಅನೇಕ ಮುದ್ರಣಗಳನ್ನು ಕಂಡಿತು. 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾಗಿ ಆಯ್ಕೆಯಾದರು. 1868ರಲ್ಲಿ ಆರಂಭವಾದ ಬೆಲ್‌ಫಾಸ್ಟ್‌ನ ಮೆಥೋಡಿಸ್ಟ್ ಕಾಲೇಜಿನ ಪ್ರಥಮ ಮುಖ್ಯಸ್ಥರಾಗಿ 1871ರವರೆಗೆ ಕಾರ್ಯನಿರ್ವಹಿಸಿದರು.

ತುಮಕೂರು ಸೀಮೆಯಲ್ಲಿ ಹಾಡ್ಸನ್, ಆರ್ಥರ್ ಮೊದಲಾದವರು ಆರಂಭಿಸಿದ ಕೆಲಸವು ಮುಂದೆ ಬೇರೆ ರೂಪವನ್ನು ತಾಳಿತು. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತತ್ತರಿಸಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನೂ, ಹಾಸನದಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನೂ ನಡೆಸಿತು. ತುಮಕೂರಿನ ಬಾಲಕರಿಗೆ ಓದಿನ ಜೊತೆಗೆ ಕೈಕಸುಬುಗಳನ್ನು ಕಲಿಸಲಾಯಿತು. ಸಂತೆಯ ಚರ್ಚೆಗಳಲ್ಲಿ ಸಿಗದಿದ್ದ ಜನರ ವಿಶ್ವಾಸವು ಈ ಅನ್ನ ಮತ್ತು ಅಕ್ಷರಗಳ ಮೂಲಕ ಸ್ವಲ್ಪಮಟ್ಟಿಗೆ ದೊರೆಯಿತೆನ್ನಬಹುದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ರಚನೆಯಾದಾಗ ಈ ಭಾಗದ ಮೆಥೋಡಿಸ್ಟ್ ಸಭೆಗಳು ಅದರಲ್ಲಿ ಸೇರಿದವು.

ಆರ್ಥರ್‌ರವರು 1888ರ ನಂತರ ಫ್ರಾನ್ಸ್‌ನ ದಕ್ಷಿಣ ಕರಾವಳಿಯ ಕಾನ್ ನಗರದಲ್ಲಿ ವಿಶ್ರಾಂತ ಜೀವನವನ್ನು ನಡೆಸಿ, 1901ರ ಮಾರ್ಚ್ 9ರಂದು ತಮ್ಮ 82ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಅವರು ಗುಬ್ಬಿಯನ್ನು ಬಿಟ್ಟು ಆಗ 60 ವರ್ಷಗಳಾಗಿದ್ದವು.