ಎರಡಾಣೆಯ ಡಾಕ್ಟರು

ಚಿತ್ತಾಕುಲದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಕಳೆದ ವರ್ಷ ಕಾರ್ಡ್ ಉಜ್ಜುವ ಮಷಿನ್ ತಂದಿಟ್ಟಾಗ ಆಯಿ ಎರಡು ದಿನ ಅದನ್ನು ಮುಟ್ಟಲೇ ಇಲ್ಲ. ಇವತ್ತು ಸಾಮಾನು ಕೊಟ್ಟು, ನಾಳೆ ಖಾತೆಗೆ ದುಡ್ಡು ಬರುತ್ತದೆಂದು ನಂಬಿ ಕೂರುವುದು ಹೇಗೆ ಎಂಬುದು ಅವಳ ತಕರಾರು. ಅದೇ ಆಯಿ, ಸಂಜೆ ಪಿಗ್ಮಿಯವರು ಬಂದರೆ ಮರುಮಾತಿಲ್ಲದೆ ನೂರು ರೂಪಾಯಿ ಎಣಿಸಿ ಕೊಡುತ್ತಾಳೆ. ಅವರ ಕೈಯಲ್ಲಿರುವುದೂ ಒಂದು ಪುಟ್ಟ ಮಷಿನ್ನೇ! ಈ ನಂಬಿಕೆಯ ಬೇರು ಹುಡುಕುತ್ತ ಹೋದಾಗ ನನಗೆ ಸಿಕ್ಕವರು ಡಾ. ಟಿ.ಎಂ.ಎ. ಪೈ.

ಅಲ್ಲಿಯವರೆಗೆ ನನಗೆ ಅವರು ಮಣಿಪಾಲದವರು, ಅಷ್ಟೇ. ನಮ್ಮ ಕಾರವಾರದ ಕಡೆಯವರಿಗೆ ಮಣಿಪಾಲ ಎಂದರೆ ಆಂಬುಲೆನ್ಸ್ ಹೋಗುವ ಊರು.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದರು. ಚಿಕಿತ್ಸೆಗೆ ಬರುವ ಬಡವರ ಕಾಯಿಲೆಯ ಹಿಂದೆ ಬರಿಗೈಯೂ ಇದೆ ಎಂಬುದು ಅವರಿಗೆ ಕಂಡಿತು. ಆಗ ಕರಾವಳಿಯ ಕೈಮಗ್ಗದವರೂ ಕಷ್ಟಕ್ಕೆ ಸಿಲುಕಿದ್ದರು. 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅವರೊಡನೆ ಸೇರಿ ಉಡುಪಿಯಲ್ಲಿ ಬ್ಯಾಂಕು ಕಟ್ಟಿದರು. ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ.

ನನಗೆ ಬಹಳ ಹಿಡಿಸಿದ್ದು 1928ರ ಪಿಗ್ಮಿ ಯೋಜನೆ. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಎಂಟು ದಿನಕ್ಕೆ ಒಂದು ರೂಪಾಯಿ. ಆದರೆ ಎರಡಾಣೆ ಕಟ್ಟಲು ಯಾರು ಅಂಗಡಿ ಮುಚ್ಚಿ, ಕೂಲಿ ಬಿಟ್ಟು ಬ್ಯಾಂಕಿಗೆ ಹೋಗುತ್ತಾರೆ? ಹಾಗಾಗಿ ಬ್ಯಾಂಕೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂತು. ದಿನಾ ಒಬ್ಬ ಏಜೆಂಟ್ ಬಂದು ಹಣ ಪಡೆದು, ಲೆಕ್ಕ ಬರೆದು ಹೋಗುವ ವ್ಯವಸ್ಥೆ. ಕಾರ್ಡ್ ಮಷಿನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ? ಅಂಗಡಿಯವರು ಎದ್ದು ಹೋಗದೆ ದುಡ್ಡು ಖಾತೆ ಸೇರುತ್ತದೆ. ಪುಕ್ಕಟೆ ಎರಡೂ ಅಲ್ಲ. ಪಿಗ್ಮಿ ಏಜೆಂಟರಿಗೆ ಬ್ಯಾಂಕು ಕಮಿಷನ್ ಕೊಡಬೇಕು. ಕಾರ್ಡಿನಲ್ಲಿ ಖರ್ಚು ಅಂಗಡಿಯವರ ಮೇಲೆ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ ಅಂಗಡಿಯ ಮಷಿನ್‌ನಲ್ಲಿ ಡೆಬಿಟ್ ಕಾರ್ಡಿಗೆ ನೂರಕ್ಕೆ 40 ಪೈಸೆಗಿಂತ ಹೆಚ್ಚು ಹಿಡಿಯುವಂತಿಲ್ಲ. ರುಪೇ ಡೆಬಿಟ್ ಕಾರ್ಡಿಗೆ 2020ರಿಂದ ಅದೂ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಜಾಸ್ತಿ. ಇದನ್ನು ಆಯಿಗೆ ತಿಳಿಸಲು ನನಗೆ ಒಂದು ವಾರ ಹಿಡಿಯಿತು.

ಪೈಯವರು ಬ್ಯಾಂಕಿಗೇ ನಿಲ್ಲಲಿಲ್ಲ. 1949ರಲ್ಲಿ ಉಡುಪಿಯಲ್ಲಿ ಎಂಜಿಎಂ ಕಾಲೇಜು, 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಜನ ಅವರನ್ನು ನೆನೆಯುವುದು ಈ ಕಾಲೇಜುಗಳಿಂದಲೇ. ನನ್ನ ಮಟ್ಟಿಗೆ ಎರಡಾಣೆಯೇ ದೊಡ್ಡದು. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣವಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಮೇ 29ರಂದು ತೀರಿಕೊಂಡರು. 2020ರಲ್ಲಿ ಅವರ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಬೋರ್ಡೂ ಇಳಿಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮೂರ ಸೊಸೈಟಿಗಳಲ್ಲೂ ಉಳಿದಿದೆ.

ಈ ಮಳೆಗಾಲಕ್ಕೆ ಮೊದಲು ಫ್ರಿಜ್ ತರಲು ಸಾಲ ಕೇಳಿದ್ದೆವು. ಮನೆ ಕಾಗದಕ್ಕಿಂತ ಮೊದಲು ಅವರು ನೋಡಿದ್ದು ಆಯಿಯ ಪಿಗ್ಮಿ ಪುಸ್ತಕ, ಜೊತೆಗೆ ಮಷಿನ್ನಿನಿಂದ ಖಾತೆಗೆ ಬಂದ ಆರು ತಿಂಗಳ ಜಮೆ. ಸಾಲ ಸಿಕ್ಕಿತು. ಈಗ ಆಯಿ ಕಾರ್ಡಿನ ಚೀಟಿಗಳನ್ನೂ ಪಿಗ್ಮಿ ಚೀಟಿ ಚುಚ್ಚುವ ತಂತಿಗೇ ಚುಚ್ಚಿಡುತ್ತಾಳೆ.